ಹಳೆಯ ತಳ, ಹೊಸ ಕತ್ತು

ಜನವರಿ ೧೪

ಕಡಲೆ ಮೇಡಂ ಅವರಿಗೆ ಗಾಜಿನ ಮಾಮನ ನಮಸ್ಕಾರಗಳು.

ಹನ್ನೊಂದು ವರ್ಷದ ಮೇಲೆ ಈ ಹೆಸರಿನಿಂದ ಕರೆದರೆ ಸಿಟ್ಟು ಬರುತ್ತದೋ ಏನೋ. ಹಾಜರಿ ಪುಸ್ತಕದಲ್ಲಿ ನಿಮಗೆ ಬೇರೆ ಹೆಸರಿತ್ತು, ನನಗೂ ಇತ್ತು, ಆದರೆ ರಸಾಯನ ವಿಭಾಗದಲ್ಲಿ ಅವನ್ನು ಬಳಸಿದವರು ಯಾರು? ನೀವು ಸಂಶೋಧನೆ ಮಾಡುತ್ತಿದ್ದದ್ದು ಕಬ್ಬಿಣದ ಮೇಲೆ, ಜೊತೆಗೆ ಯಾರ ಹಲ್ಲಿಗೂ ಜಗ್ಗುತ್ತಿರಲಿಲ್ಲ. ಕಬ್ಬಿಣದ ಕಡಲೆ ಎಂದು ನಾನೇ ಇಟ್ಟ ಹೆಸರು. ಇಡೀ ವಿಭಾಗಕ್ಕೆ ಗಾಜು ಊದಿಕೊಡುತ್ತಿದ್ದ ನಾನು ಎಲ್ಲರಿಗೂ ಮಾಮ.

ಈ ತಿಂಗಳ ಕೊನೆಗೆ ನನಗೆ ನಿವೃತ್ತಿ. ಮೂವತ್ತೆಂಟು ವರ್ಷ ಊದಿದ್ದು ಸಾಕು, ಉಳಿದ ಉಸಿರನ್ನು ಸ್ವಂತಕ್ಕೆ ಇಟ್ಟುಕೊಳ್ಳಿ ಎಂದು ವೈದ್ಯರೂ ಹೇಳಿದ್ದಾರೆ. ಕಾರ್ಯಾಗಾರ ಖಾಲಿ ಮಾಡುವಾಗ ಬೀರುವಿನ ಒಳಗೆ, ಎಲ್ಲದರ ಹಿಂದೆ, ನಿಮ್ಮ ಪಾತ್ರೆ ಸಿಕ್ಕಿತು. ಎರಡು ಕೈಯಿರುವ, ಉದ್ದ ಕತ್ತಿನ ಆ ಪಾತ್ರೆ. ನಿಮ್ಮ ಚೀಟಿ ಇನ್ನೂ ಅಂಟಿಕೊಂಡಿದೆ: "ಇದು ಕಡಲೆಯದು. ಮುಟ್ಟಬೇಡಿ, ತೊಳೆಯಬೇಡಿ." ಮರದ ಹೊಟ್ಟಿನಲ್ಲಿ ಹುದುಗಿಸಿ ಕಳಿಸಿದ್ದೇನೆ. ನಿಮ್ಮ ವಿಳಾಸವನ್ನು ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟ.

ಚೀಟಿಯಲ್ಲಿ ಬರೆದಂತೆಯೇ ಇರಲಿ, ತೊಳೆಯಬೇಡಿ. ಬೇರೆ ವಿಶೇಷವಿಲ್ಲ.

ಗಾಜಿನ ಮಾಮ


ಜನವರಿ ೨೭

ಗಾಜಿನ ಮಾಮ,

ಪೆಟ್ಟಿಗೆ ಬಂತು. ನಮಸ್ಕಾರ ಗಿಮಸ್ಕಾರ ನನ್ನಿಂದ ನಿರೀಕ್ಷಿಸಬೇಡಿ.

ಆ ಪಾತ್ರೆ ಒಡೆದುಹೋಗಿತ್ತು. ಹಾಗೆಂದು ತುಂಬಿದ ಸಭೆಯಲ್ಲಿ ನನಗೆ ಹೇಳಿದರು. ಒಡೆದುಹೋದ ಪಾತ್ರೆ ಹನ್ನೊಂದು ವರ್ಷ ಬೀರುವಿನಲ್ಲಿ ಮಲಗಿದ್ದು, ಒಂದು ಬಿರುಕೂ ಇಲ್ಲದೆ ಎದ್ದು ನನ್ನ ಮನೆಗೆ ಹೇಗೆ ಬಂತು?

ನಿಮಗೆ ಮರೆತಿದ್ದರೆ ನಾನೇ ಹೇಳುತ್ತೇನೆ, ನನಗಂತೂ ಬಾಯಿಪಾಠವಾಗಿದೆ. ಐದು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ನಡುವೆ ಒಂದು ಕಬ್ಬಿಣದ ಪರಮಾಣು, ಅದರ ಸುತ್ತ ಕೈಹಿಡಿದು ನಿಂತ ಅಣುಗಳು. ಇಟ್ಟಿಗೆ ಬಣ್ಣದ ಆ ಸಂಕೀರ್ಣ, ಪಲ್ಲಾಡಿಯಂ ಎಂಬ ಅಪರೂಪದ ಲೋಹ ಮಾತ್ರ ಮಾಡಬಲ್ಲದು ಎಂದು ಎಲ್ಲರೂ ನಂಬಿದ್ದ, ಎರಡು ಅಣುಗಳನ್ನು ಬೆಸೆಯುವ ಜೋಡಣೆಯನ್ನು ಮಾಡಿ ತೋರಿಸಿತು. ಒಮ್ಮೆಯಲ್ಲ, ನಲವತ್ತೊಂದು ಸಲ. ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂತು, ನನ್ನ ಹೆಸರು ಮೊದಲು, ಮಾರ್ಗದರ್ಶಕರಾದ ದೊಡ್ಡವರ ಹೆಸರು ಕೊನೆಗೆ. ಆಮೇಲೆ ಬೇರೆಲ್ಲೂ, ಯಾರ ಕೈಯಲ್ಲೂ ಅದು ಆಗಲಿಲ್ಲ. ವಿಚಾರಣೆಗೆ ಸಮಿತಿ ಕೂತಿತು, ಎದುರಿಗೇ ಮಾಡಿ ತೋರಿಸು ಎಂದಿತು. ಹೊಸ ಗಾಜು, ಹೊಸ ಪುಡಿ, ಮೂರು ದಿನ, ಮೂರು ಸೊನ್ನೆ.

ಮೂರನೆಯ ದಿನ ನನ್ನ ಹಳೆಯ ಪಾತ್ರೆಯಲ್ಲಿ ಒಂದು ಸಲ ಮಾಡುತ್ತೇನೆ ಎಂದು ಬೇಡಿಕೊಂಡೆ. ದೊಡ್ಡವರು ನಕ್ಕರು. "ವಿಜ್ಞಾನಕ್ಕೂ ಅದೃಷ್ಟದ ಪಾತ್ರೆ ಬೇಕೇನಮ್ಮ?" ಅಂದರು. ಸಮಿತಿಯೂ ನಕ್ಕಿತು. ನನ್ನ ಹಳೆಯ ಗಾಜನ್ನೆಲ್ಲ ಸಾಗಿಸಿದ್ದ ನಿಮ್ಮ ಕಾರ್ಯಾಗಾರಕ್ಕೆ ತಾವೇ ಎದ್ದು ಹೋಗಿ ಬಂದು "ಒಡೆದುಹೋಗಿದೆಯಂತೆ" ಅಂದರು. ಅವರ ಹಿಂದೆ ಹೊಸ ಪಾತ್ರೆಗಳನ್ನು ಎದೆಗೆ ಅವುಚಿಕೊಂಡು ನೀವು ಬಾಗಿಲಲ್ಲಿ ನಿಂತಿದ್ದಿರಿ. ನೆಲ ನೋಡುತ್ತಿದ್ದಿರಿ.

"ವಿದ್ಯಾರ್ಥಿನಿ ಒದಗಿಸಿದ ಫಲಿತಾಂಶಗಳು ಕಲ್ಪಿತ" ಎಂದು ಪತ್ರಿಕೆ ಅಚ್ಚು ಹಾಕಿತು. ಕಲ್ಪಿತ ಎಂದರೆ ಸುಳ್ಳು ಎಂಬುದಕ್ಕೆ ಇಸ್ತ್ರಿ ಮಾಡಿದ ಪದ. ಅಂದು ಸಂಜೆ ಮನೆಗೆ ಹೋದೆ. ನನ್ನ ಅಪ್ಪ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ಸುಳ್ಳು ಹೇಳುವವರ ಮುಖ ನೋಡುವುದೇ ಅವರ ಉದ್ಯೋಗ. ನನ್ನ ಮುಖವನ್ನು ಒಂದು ನಿಮಿಷ ನೋಡಿದರು. ಏನೂ ಕೇಳಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ಕೇಳಲಿಲ್ಲ. ಆ ತೀರ್ಪಿನ ಮೇಲೆ ಮೇಲ್ಮನವಿ ಎಲ್ಲಿ ಸಲ್ಲಿಸಲಿ?

ಈಗ ನಾನು ನೀರಿನ ಪರೀಕ್ಷಾ ಕಚೇರಿಯಲ್ಲಿದ್ದೇನೆ. ಊರ ನಲ್ಲಿಗಳ ನೀರು ಬಾಟಲಿಯಲ್ಲಿ ಬರುತ್ತದೆ, ಅದರಲ್ಲಿ ಸೀಸವೆಷ್ಟು, ಕಬ್ಬಿಣವೆಷ್ಟು ಎಂದು ಬರೆದು ಸಹಿ ಹಾಕುತ್ತೇನೆ. ಇಲ್ಲಿ ದಿನಾ ಬೆಳಿಗ್ಗೆ ಗಾಜನ್ನೆಲ್ಲ ಆ್ಯಸಿಡ್ಡಿನ ತೊಟ್ಟಿಯಲ್ಲಿ ಅದ್ದುತ್ತೇವೆ. ನಿಮ್ಮ ನೆನಪಿನ ಕಾಣಿಕೆಯನ್ನೂ ಅದ್ದಿ, ಫಳಫಳ ಮಾಡಿ, ಪೆನ್ಸಿಲ್ ಇಡಲು ಬಳಸುತ್ತೇನೆ.

ಕಡಲೆ ಎಂದು ಕರೆಯಬೇಡಿ.


ಫೆಬ್ರವರಿ ೧

ಮೇಡಂ,

ಅದ್ದಬೇಡಿ. ಕೈಮುಗಿಯುತ್ತೇನೆ. ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ, ಆದರೆ ಆ್ಯಸಿಡ್ಡಿಗೆ ಮಾತ್ರ ಹಾಕಬೇಡಿ. ಹಾಕಿಲ್ಲ ಎಂದು ಒಂದು ಸಾಲು ಬರೆಯಿರಿ.

ಮಾಮ


ಫೆಬ್ರವರಿ ೮

ನಿಮ್ಮ ಕಾಗದ ಬರುವ ಮೊದಲೇ ಅದ್ದಿ ಆಯಿತು. ಒಂದು ಹಗಲು ಪೂರ್ತಿ ನೆನೆದಿದೆ, ಈಗ ಕನ್ನಡಿಯಂತೆ ಹೊಳೆಯುತ್ತಿದೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ. ಯಾಕೆ ಅದ್ದಬಾರದಿತ್ತು? ಆ ಪಾತ್ರೆ ಬೇಕೆಂದು ನಾನು ಬಾಗಿಲಲ್ಲಿ ನಿಂತು ಅವಸರ ಮಾಡಿದಾಗ "ಎರಡು ದಿನ ತಡ್ಕೊಳಮ್ಮ, ತಳಾನೂ ಹೊಸದು, ಕತ್ತೂ ಹೊಸದು, ಅಪರಂಜಿ ತರ ಮಾಡ್ಕೊಡ್ತೀನಿ" ಎಂದವರು ನೀವು. ಆ ಮಾತು ನಂಬಿ ನಾನು ಕಬ್ಬಿಣದ ಪುಡಿಯನ್ನು ಅನುಮಾನಿಸಿದೆ, ದ್ರಾವಕವನ್ನು ಅನುಮಾನಿಸಿದೆ, ಕೊನೆಗೆ ನನ್ನ ಕೈಯನ್ನೇ ಅನುಮಾನಿಸಿದೆ. ಗಾಜನ್ನು ಮಾತ್ರ ಅನುಮಾನಿಸಲಿಲ್ಲ.

ದೊಡ್ಡವರು ಹೇಳಿ ಬರೆಸುತ್ತಿದ್ದಾರೆಯೇ? ಹಾಗಿದ್ದರೆ ಅವರಿಗೆ ಹೇಳಿ, ನನ್ನಿಂದ ಕಿತ್ತುಕೊಳ್ಳಲು ಇನ್ನೇನೂ ಉಳಿದಿಲ್ಲ. ನೀವಾಗಿಯೇ ಬರೆಯುತ್ತಿದ್ದರೆ ನೆಟ್ಟಗೆ ಬರೆಯಿರಿ.


ಮಾರ್ಚ್ ೨

ಮೇಡಂ,

ಅದ್ದಿಬಿಟ್ಟಿರಿ ಎಂದು ಓದಿ ಮೊದಲು ಅತ್ತೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಎದೆ ಹಗುರವಾಯಿತು. ಇನ್ನು ಏನೂ ಸಾಬೀತಾಗುವುದಿಲ್ಲ ಎಂದಾದ ಮೇಲೆ ಹೇಳುವುದು ಸುಲಭ. ನಾನು ಅಂಥ ಮನುಷ್ಯ.

ತಳ ಹೊಸದಲ್ಲ. ಆ ವಾರ ಗಾಜಿನ ಕೊಳವೆಯ ದಾಸ್ತಾನು ಬಂದಿರಲಿಲ್ಲ, ನೀವು ದಿನಕ್ಕೆ ಮೂರು ಸಲ ಬಾಗಿಲಿಗೆ ಬರುತ್ತಿದ್ದಿರಿ. ಮೂಲೆಯಲ್ಲಿ ದೊಡ್ಡವರ ಹಳೆಯ ಪಾತ್ರೆಯೊಂದಿತ್ತು, ಕತ್ತು ಮುರಿದದ್ದು, ತಳ ಗಟ್ಟಿ. ಹಿಂದೊಮ್ಮೆ ಅವರು ಪಲ್ಲಾಡಿಯಂ ಕೆಲಸ ಮಾಡುತ್ತಿದ್ದಾಗ ಬಳಸಿದ್ದು. ಅದರ ಕತ್ತು ಕತ್ತರಿಸಿ ಹೊಸ ಕತ್ತು ಬೆಸೆದೆ. ಉರಿಗೆ ಹಿಡಿದಾಗ ತಳದಲ್ಲಿ ಹೊಗೆ ಹಿಡಿದಂತೆ ಬೂದು ಕಲೆ ಎದ್ದಿತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಅದು ಏನೆಂದು ನನಗೆ ಗೊತ್ತಿತ್ತು. ಅಂಥ ಲೋಹ ಕಂಡ ಗಾಜನ್ನು ಒಂದು ದಿನ ಆ್ಯಸಿಡ್ಡಿನಲ್ಲಿ ನೆನೆಸದೆ ಉರಿಗೆ ಹಿಡಿಯಬಾರದು ಎಂದು ಗೋಡೆಯ ಹಲಗೆಯಲ್ಲಿ ಬರೆದು ತೂಗುಹಾಕಿದವನು ನಾನೇ. ಆದರೂ ಎರಡೂ ಹೊಸದು ಎಂದು ಹೇಳಿ ಕೈಗಿಟ್ಟೆ. ಒಂದು ಕಲೆಯಿಂದ ಏನಾಗುತ್ತದೆ ಅಂದುಕೊಂಡೆ.

ಸಮಿತಿಯ ಮೂರನೆಯ ದಿನ ದೊಡ್ಡವರು ಒಳಗೆ ಬಂದು ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಸುಗೆ ನೋಡಿದರು, ಕಲೆ ನೋಡಿದರು.

"ತಳ ಎಲ್ಲಿಂದು?" ಅಂದರು.

"ನಿಮ್ಮದೇ ಸಾರ್, ಹಳೇದು" ಅಂದೆ.

ಪಾತ್ರೆಯನ್ನು ಮೇಜಿನ ಮೇಲಿಟ್ಟು "ಇದು ಒಡೆದುಹೋಗಿದೆ ಅಂತ ಹೇಳ್ತೀನಿ. ನಾನು ಹೋದ್ಮೇಲೆ ಒಡೆದುಬಿಡು. ನಿನ್ನ ಕೆಲ್ಸಾನೂ ಉಳಿಯುತ್ತೆ" ಅಂದರು.

ನಾನು ಒಡೆಯಲಿಲ್ಲ. ಇದನ್ನು ಧೈರ್ಯ ಎಂದುಕೊಳ್ಳಬೇಡಿ. ಮಾಡಿದ ಗಾಜನ್ನು ಬೇಕೆಂದೇ ಒಡೆಯಲು ಕೈ ಬರಲಿಲ್ಲ, ಅಷ್ಟೆ. ಹಿಂದೆ ಸರಿಸಿಟ್ಟೆ. "ಸಿಕ್ಕಿತು" ಎಂದು ಬರೆದೆನಲ್ಲ, ಅದೂ ಸುಳ್ಳು. ಅದು ಎಲ್ಲಿದೆ ಎಂಬುದು ಒಂದು ದಿನವೂ ನನಗೆ ಮರೆತಿರಲಿಲ್ಲ.

ಮಾಮ


ಜೂನ್ ೧೯

ಗಾಜಿನ ಮಾಮ,

ಮೂರೂವರೆ ತಿಂಗಳು ನಿಮಗೆ ಬರೆಯಲಿಲ್ಲ. ಬರೆದಿದ್ದರೆ ಕಾಗದ ಸುಟ್ಟುಹೋಗುತ್ತಿತ್ತು.

ಮೊದಲು ಇದನ್ನು ಓದಿ. ನಾನು ಪಾತ್ರೆಯನ್ನು ಅದ್ದಿರಲಿಲ್ಲ. ನಿಮ್ಮ ಬಾಯಿ ಬಿಡಿಸಲು ಹಾಗೆ ಬರೆದೆ. ಹನ್ನೊಂದು ವರ್ಷ ಸುಳ್ಳುಗಾರ್ತಿ ಎನಿಸಿಕೊಂಡ ಮೇಲೆ ಒಂದಾದರೂ ಸುಳ್ಳು ಹೇಳದಿದ್ದರೆ ಹೇಗೆ?

ಭಾನುವಾರಗಳಂದು, ಕಚೇರಿಯ ಹಿಂದಿನ ಕೋಣೆಯಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು ಹಳೆಯ ಪ್ರಯೋಗವನ್ನು ಮತ್ತೆ ಮಾಡಿದೆ. ಹೊಸ ಪಾತ್ರೆಯಲ್ಲಿ ನನ್ನ ಕಬ್ಬಿಣದ ಸಂಕೀರ್ಣ: ಸೊನ್ನೆ. ನಿಮ್ಮ ಪಾತ್ರೆಯಲ್ಲಿ ಅದೇ ಸಂಕೀರ್ಣ: ನೂರಕ್ಕೆ ನಲವತ್ತು. ಆಮೇಲೆ ನಿಮ್ಮ ಪಾತ್ರೆಯಲ್ಲಿ ಕಬ್ಬಿಣವನ್ನೇ ಹಾಕದೆ ಮಾಡಿದೆ. ಆಗಲೂ ನಡೆಯಿತು. ಅರ್ಥವಾಯಿತೇ? ಕೆಲಸವೆಲ್ಲ ನಿಮ್ಮ ಬೂದು ಕಲೆಯದು. ನನ್ನ ಐದು ವರ್ಷದ ಸಂಕೀರ್ಣ ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಿತ್ತು. ಕೊನೆಗೆ ತಳಕ್ಕೆ ನಾಲ್ಕು ಹನಿ ಆ್ಯಸಿಡ್ ಬಿಟ್ಟು ತೆಗೆದು, ನೀರಿನಲ್ಲಿ ಸೀಸ ಅಳೆಯುವ ಯಂತ್ರಕ್ಕೆ ಕೊಟ್ಟೆ. ಪಲ್ಲಾಡಿಯಂ ಇದೆ ಎಂದು ಯಂತ್ರ ಬರೆದುಕೊಟ್ಟಿತು. ಅದಕ್ಕೆ ದೊಡ್ಡವರು ಯಾರೆಂದು ಗೊತ್ತಿಲ್ಲ.

ನನ್ನ ಸಂಶೋಧನೆ ತಪ್ಪು. ಅದನ್ನು ತಿಳಿದ ದಿನ ಒಂದು ತಟ್ಟೆ ಎತ್ತಿ ಗೋಡೆಗೆ ಎಸೆದೆ, ಆಮೇಲೆ ನಾನೇ ಗುಡಿಸಿದೆ. ಆದರೆ ತಪ್ಪು ಬೇರೆ, ಸುಳ್ಳು ಬೇರೆ. ನಾನು ಕಂಡದ್ದನ್ನೇ ಬರೆದಿದ್ದೆ. ಅದನ್ನು ಬಲ್ಲವರು ಜಗತ್ತಿನಲ್ಲಿ ಇಬ್ಬರಿದ್ದರು. ಒಬ್ಬರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಇನ್ನೊಬ್ಬರು ನೆಲ ನೋಡಿದರು. ದೊಡ್ಡವರ ಲೆಕ್ಕಾಚಾರ ನನಗೀಗ ಸ್ಫಟಿಕದಷ್ಟು ಸ್ಪಷ್ಟ. ತಪ್ಪು ಎಂದು ಒಪ್ಪಿಕೊಂಡರೆ ಅದು ಇಬ್ಬರ ಪಾಲಿಗೂ ಬರುತ್ತಿತ್ತು: ಪಾತ್ರೆ ಅವರದು, ಹೆಸರು ಅವರದು, ಪರೀಕ್ಷಿಸದೆ ಸಹಿ ಹಾಕಿದ್ದು ಅವರು. ಸುಳ್ಳು ಎಂದುಬಿಟ್ಟರೆ ಅದು ನನ್ನೊಬ್ಬಳದು. ಅವರು ಮೋಸಹೋದ ಸಾಧುಗಳಾದರು, ಈಗ ಸಂಸ್ಥೆಯ ನಿರ್ದೇಶಕರೂ ಆದರು.

ನನ್ನದನ್ನೂ ಹೇಳುತ್ತೇನೆ, ಯಾರೂ ಕೇಳಿಲ್ಲದಿದ್ದರೂ. ಕಬ್ಬಿಣವಿಲ್ಲದ ಪ್ರಯೋಗವನ್ನು ನಾನು ಆಗಲೂ ಮಾಡಿದ್ದೆ, ಆದರೆ ಬೇರೆ ಪಾತ್ರೆಯಲ್ಲಿ. ನನ್ನ ಒಳ್ಳೆಯ ಪಾತ್ರೆಯನ್ನು ಅದಕ್ಕೆ ಯಾಕೆ ಸವೆಸಲಿ ಎಂಬ ಕಂಜೂಸಿತನ. ಒಂದೇ ಒಂದು ಸಲ ಅದರಲ್ಲಿ ಮಾಡಿದ್ದರೆ ಅಂದೇ ತಿಳಿಯುತ್ತಿತ್ತು. ಇನ್ನೊಂದು: ನಲವತ್ತೊಂದು ಸಲದಲ್ಲಿ ಫಲಿತಾಂಶ ತೊಂಬತ್ತೊಂದರಿಂದ ಐವತ್ತೆಂಟಕ್ಕೆ ಇಳಿಯುತ್ತ ಬಂದಿತ್ತು. ಕಲೆ ಸವೆಯುತ್ತಿತ್ತು, ನನಗೆ ಅದು ಗೊತ್ತಿರಲಿಲ್ಲ. "ಚೆನ್ನಾಗಿರೋ ಹತ್ತು ಕೊಡು ಸಾಕು" ಅಂದರು ದೊಡ್ಡವರು. ಕೊಟ್ಟೆ. ಇಳಿಯುವುದನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡಿದ್ದೆ. ಈ ಎರಡನ್ನೂ ಬರೆದು ಪತ್ರಿಕೆಗೆ ಕಳಿಸಿದ್ದೇನೆ.

ಪತ್ರಿಕೆಯ ಮಂಡಳಿ ಆಗಸ್ಟ್ ೯ರಂದು ವಿಚಾರಣೆ ಇಟ್ಟಿದೆ. ಪಾತ್ರೆಯ ಕಲೆಯನ್ನು ನಾನೇ ಹಚ್ಚಿರಬಹುದು ಎಂದು ದೊಡ್ಡವರು ಆಗಲೇ ಉತ್ತರ ಕೊಟ್ಟಿದ್ದಾರೆ. ನಿಜವೇ, ಹಚ್ಚಬಹುದು. ಅದು ಯಾವಾಗ, ಹೇಗೆ ಬಂತೆಂದು ಹೇಳಬಲ್ಲವರು ನೀವೊಬ್ಬರೇ. ಬಂದು ಹೇಳಿ.


ಜೂನ್ ೨೮

ಮೇಡಂ,

ಕಾಗದವನ್ನು ಮೂರು ಸಲ ಓದಿದೆ. ಅದ್ದಿಲ್ಲ ಎಂಬ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ.

ಬರುವುದು ಕಷ್ಟ. ಆರು ಗಂಟೆಯ ಪ್ರಯಾಣ, ನನ್ನ ಮಂಡಿ ನಿಮಗೆ ಗೊತ್ತು. ಅದೂ ಅಲ್ಲದೆ ನನ್ನ ಮಗಳು ದೊಡ್ಡವರ ಕಚೇರಿಯಲ್ಲಿಯೇ ಗುಮಾಸ್ತೆ. ಅವಳ ಮೇಲೆ ಬೀಳುತ್ತದೆ. ನಾನು ಒಂದು ಕಾಗದ ಬರೆದುಕೊಡುತ್ತೇನೆ: ತಳ ಹಳೆಯದಿತ್ತು, ತಪ್ಪು ನನ್ನದು ಎಂದು. ದೊಡ್ಡವರು ಹೇಳಿದ್ದನ್ನು ಅದರಲ್ಲಿ ಸೇರಿಸುವುದು ಬೇಡ. ನಿಮ್ಮ ಹೆಸರೂ ಉಳಿಯುತ್ತದೆ, ಯಾರಿಗೂ ನೋವಾಗುವುದಿಲ್ಲ.

ಮಾಮ


ಜುಲೈ ೩

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚೆನ್ನಾಗಿದೆ. ಹನ್ನೊಂದು ವರ್ಷದಿಂದ ಆ ಹಾವು ಕಚ್ಚುತ್ತಿರುವುದು ನನ್ನನ್ನು.

ಯಾರಿಗೂ ನೋವಾಗುವುದಿಲ್ಲ ಎಂದು ಬರೆಯುವಾಗ ಆ "ಯಾರಿಗೂ" ಎಂಬುದರಲ್ಲಿ ನಾನು ಸೇರಿರಲಿಲ್ಲವೇ? ನಿಮ್ಮ ಮಗಳಿಗೆ ಕೆಲಸವಿದೆ. ನಾನೂ ಒಬ್ಬರ ಮಗಳಾಗಿದ್ದೆ. ನನ್ನ ಅಪ್ಪ ಮಗಳನ್ನು ಸುಳ್ಳಿ ಎಂದುಕೊಂಡೇ ಕಣ್ಣು ಮುಚ್ಚಿದರು.

ಬರೆದುಕೊಡುವ ಕಾಗದವನ್ನು ನೀವೇ ಇಟ್ಟುಕೊಳ್ಳಿ. ಉರಿ ಹಚ್ಚಲು ಬರುತ್ತದೆ.


ಜುಲೈ ೨೧

ಮೇಡಂ,

ನಿಮ್ಮ ಕಾಗದದ ಒಂದು ಸಾಲು ಸುಳ್ಳು. ಅದು ಸುಳ್ಳು ಎಂದು ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಇಷ್ಟು ದಿನ ಬರೆಯದೆ ಕೂತದ್ದು ಇದನ್ನು ಹೇಳುವುದೋ ಬೇಡವೋ ಎಂದೇ. ಪಾತ್ರೆಯ ವಿಷಯ ಹೇಳಿದ್ದಕ್ಕಿಂತ ಇದು ಕಷ್ಟ.

ನೀವು ಬಿಟ್ಟು ಹೋದ ತಿಂಗಳಲ್ಲೇ ನಿಮ್ಮ ತಂದೆ ನನ್ನ ಕಾರ್ಯಾಗಾರಕ್ಕೆ ಬಂದಿದ್ದರು. ಖಾಕಿ ಅಂಗಿಯಲ್ಲೇ ಇದ್ದರು, ಕಿವಿಯ ಮೇಲೆ ಪೆನ್ಸಿಲ್ ಇತ್ತು. ಮೊದಲು ದೊಡ್ಡವರ ಕೋಣೆಗೆ ಹೋಗಿದ್ದರಂತೆ, ಒಳಗೆ ಬಿಟ್ಟಿರಲಿಲ್ಲ. ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನನ್ನ ಮಗಳು ಸುಳ್ಳು ಹೇಳಿಲ್ಲ" ಅಂದರು. "ಮೂವತ್ತು ವರ್ಷ ಇದೇ ಕೆಲ್ಸ ಮಾಡಿದ್ದೀನಿ. ಟಿಕೆಟ್ ಇಲ್ದೋರ ಮುಖ ದೂರದಿಂದ್ಲೇ ಗೊತ್ತಾಗುತ್ತೆ. ಅವಳ ಮುಖ ಅದಲ್ಲ. ಅವಳ್ನ ಕೇಳಿದ್ರೆ ನಾನೂ ಅನುಮಾನ ಪಟ್ಟಂಗಾಗುತ್ತೆ, ಅದಕ್ಕೆ ಕೇಳಿಲ್ಲ. ಇಲ್ಲಿ ಏನಾಯ್ತು ಅಂತ ನೀವು ಹೇಳಿ."

"ನಂಗೇನೂ ಗೊತ್ತಿಲ್ಲ ಸ್ವಾಮಿ" ಅಂದೆ.

ಅವರು ನನ್ನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಉರಿಯ ಕಡೆ ತಿರುಗಿದೆ.

"ಇಳಿಯೋಕೆ ಮುಂಚೆ ಹೇಳ್ದೋರಿಗೆ ನಾನು ಯಾವತ್ತೂ ದಂಡ ಹಾಕಿಲ್ಲ" ಅಂದರು. ಆಮೇಲೆ ಕಾದರು. ನಾನು ಕೊಟ್ಟ ಚಹಾ ಅವರ ಪಕ್ಕದಲ್ಲೇ ಆರಿಹೋಯಿತು. ಟೋಪಿ ಹಾಕಿಕೊಂಡು ಎದ್ದು, ಬಾಗಿಲಲ್ಲಿ "ಆಯ್ತು, ನಿಮ್ಮ ನಿಲ್ದಾಣ ಬಂತು" ಎಂದು ಹೇಳಿ ಹೋದರು.

ಅವರು ಕೂತಿದ್ದ ಜಾಗದಿಂದ ಬೀರು ನಾಲ್ಕು ಹೆಜ್ಜೆ.

ಮಗಳಿಗೆ ನಿನ್ನೆ ಎಲ್ಲ ಹೇಳಿದೆ. "ನನ್ನ ಹೆಸರು ಹೇಳ್ಕೊಂಡು ಯಾಕಪ್ಪ ಬಚ್ಚಿಟ್ಕೋತೀಯ" ಅಂದಳು. ಆಗಸ್ಟ್ ೯ಕ್ಕೆ ಬರುತ್ತೇನೆ. ದೊಡ್ಡವರು ಎದುರಿಗೆ ಕೂತಿದ್ದರೂ ಅವರು ಹೇಳಿದ್ದನ್ನೂ ಹೇಳುತ್ತೇನೆ. ಕ್ಷಮಿಸಿ ಎಂದು ಬರೆಯಲು ಕೈ ಏಳುತ್ತಿಲ್ಲ.

ಗಾಜಿನ ಮಾಮ


ಜುಲೈ ೨೬

ಗಾಜಿನ ಮಾಮ,

ಕೈ ಏಳದಿದ್ದದ್ದೇ ಒಳ್ಳೆಯದಾಯಿತು. ಕ್ಷಮೆ ಸಿಗುತ್ತಿರಲಿಲ್ಲ.

ಪಾತ್ರೆಯದನ್ನು ಎಂದಾದರೂ ಒಂದು ದಿನ ಮರೆತೇನು. ಅವಸರಪಡಿಸಿದ್ದು ನಾನು, ನೀವು ಒಂದು ಕಲೆಯನ್ನು ಮುಚ್ಚಿದಿರಿ, ನಾನು ಮೂವತ್ತೊಂದು ಅಂಕಿಗಳನ್ನು ಮುಚ್ಚಿದೆ. ಆದರೆ ಇದನ್ನು ಮರೆಯುವುದಿಲ್ಲ. ನಾನೂ ಅಪ್ಪನೂ ಏಳು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ಉಂಡೆವು. ಅವರು ಕೇಳಿದರೆ ಅನುಮಾನಪಟ್ಟಂತೆ ಎಂದು ಕೇಳಲಿಲ್ಲ, ಕೇಳದಿರುವುದೇ ತೀರ್ಪು ಎಂದು ನಾನು ತಲೆ ಎತ್ತಲಿಲ್ಲ. ಉಪ್ಪು ಕೊಡು, ನೀರು ಕೊಡು, ಅಷ್ಟೇ ಮಾತು. ನಿಮ್ಮ ಒಂದು ಸಾಲಿನ ಕಾಗದ ಬಂದಿದ್ದರೆ ಸಾಕಿತ್ತು. ಪತ್ರಿಕೆ ಏನು ಬೇಕಾದರೂ ಅಚ್ಚು ಹಾಕಿಕೊಂಡಿರಲಿ, ಆ ಮೇಜಿನ ಮೇಲೆ ನಾನು ತಲೆ ಎತ್ತಿ ಕೂರುತ್ತಿದ್ದೆ. ಅವರು ನಗುತ್ತಿದ್ದರು. ಅವರ ನಗು ಹೇಗಿತ್ತೆಂದು ನನಗೆ ಮರೆತುಹೋಗಿದೆ, ಅದಕ್ಕೆ ನೀವೇ ಹೊಣೆ.

ಈಗ ಕೆಲಸದ ಮಾತು. ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ, ಮಂಡಳಿಯ ಕಟ್ಟಡದ ಎರಡನೆಯ ಮಹಡಿ. ಮೆಟ್ಟಿಲ ಬಲಕ್ಕೆ ಕಂಬಿ ಇದೆ, ನಿಮ್ಮ ಮಂಡಿಗೆ ಅನುಕೂಲ. ನಿಮ್ಮ ಕೈಬರಹದ ಗೋಡೆಯ ಹಲಗೆಯನ್ನು ಮಗಳ ಕೈಯಲ್ಲಿ ಕೇಳಿ ತೆಗೆಸಿ ತನ್ನಿ. ಮೊದಲು ನಾನು ನನ್ನ ತಪ್ಪುಗಳನ್ನು ಹೇಳುತ್ತೇನೆ, ಆಮೇಲೆ ನೀವು ನಿಮ್ಮವನ್ನು ಹೇಳಿ. ದೊಡ್ಡವರ ಸರದಿ ಕೊನೆಗೆ. ನೆಲ ನೋಡಿ ಮಾತಾಡಿದರೆ ಅಲ್ಲಿಯೇ ಎದ್ದು ಕೂಗುತ್ತೇನೆ.

ಆ ಒಂದು ಪದ ತೆಗೆಸಬೇಕು. ಕಲ್ಪಿತ ಎಂಬಲ್ಲಿ ತಪ್ಪು ಎಂದು ಬಂದರೆ ನನಗೆ ಸಾಕು.

ಬಸ್ ಎಂಟೂವರೆಗೆ ಬರುತ್ತದೆ. ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ, ಮಾತಾಡಿಸುತ್ತೇನೆ ಎಂದುಕೊಳ್ಳಬೇಡಿ. ಟಿಕೆಟ್ ಬಿಸಾಡದೆ ಕೈಯಲ್ಲಿ ಹಿಡಿದು ಇಳಿಯಿರಿ. ನಾನು ನೋಡುತ್ತೇನೆ.

ಕಡಲೆ